ವಿಚ್ಛೇದನದ ನಂತರ ವಿದೇಶದಲ್ಲಿದ್ದುಕೊಂಡೇ ಇಂಗ್ಲೆಂಡಿನಲ್ಲಿ ಬಾಡಿಗೆಗೆ ಕೊಡುವ ಮನೆಗೆ ಸಾಲ ಪಡೆಯುವುದು ಹೇಗೆ?

ಇಂಗ್ಲೆಂಡಿನಲ್ಲಿ ಹಲವು ವರ್ಷ ದುಡಿದು, ಅಲ್ಲಿಯೇ ಸಂಸಾರ ಹೂಡಿ, ವಿಚ್ಛೇದನದ ನಂತರ ದುಬೈಗೋ ಸಿಂಗಪುರಕ್ಕೋ ಕೆಲಸ ಬದಲಿಸಿಕೊಂಡವರಲ್ಲಿ ಕೆಲವರಿಗೆ, ಹಳೆಯ ಮನೆಯ ಪಾಲಾಗಿ ಕೈಗೆ ಬಂದ ಹಣದಿಂದ ಅಲ್ಲಿಯೇ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಕೊಡುವ ಯೋಚನೆ ಇರುತ್ತದೆ. ಇಂತಹ ಮನೆಗೆ ಅಲ್ಲಿನ ಬ್ಯಾಂಕುಗಳು ಕೊಡುವ ಸಾಲಕ್ಕೆ ‘ಬೈ ಟು ಲೆಟ್ ಮಾರ್ಟ್‌ಗೇಜ್’ ಎಂದು ಹೆಸರು. ಇದು ನಮ್ಮೂರಿನ ಗೃಹಸಾಲದಂತಲ್ಲ. ಸಾಲದ ಮೊತ್ತವನ್ನು ಸಂಬಳಕ್ಕಿಂತ ಹೆಚ್ಚಾಗಿ ಬರಲಿರುವ ಬಾಡಿಗೆಯೇ ನಿರ್ಧರಿಸುತ್ತದೆ. ತಿಂಗಳಿಗೆ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋಗಿ, ಅಸಲನ್ನು ಅವಧಿಯ ಕೊನೆಯಲ್ಲಿ ತೀರಿಸುವ ಪದ್ಧತಿಯೂ ಸಾಮಾನ್ಯ. ವಿಚ್ಛೇದಿತರು ಮೊದಲು ಗಮನಿಸಬೇಕಾದದ್ದು ಹೊಸ ಸಾಲದ ಬಡ್ಡಿ ದರವನ್ನಲ್ಲ, ಹಳೆಯ ಸಂಸಾರದ ಲೆಕ್ಕ ಪೂರ್ತಿ ಮುಗಿದಿದೆಯೇ ಎಂಬುದನ್ನು.

ಮೊದಲು ನ್ಯಾಯಾಲಯದ ಹಣಕಾಸು ಆದೇಶ

ವಿಚ್ಛೇದನದ ಅಂತಿಮ ಆದೇಶ ಮದುವೆಯನ್ನು ಮುಗಿಸುತ್ತದೆಯೇ ಹೊರತು ಪರಸ್ಪರರ ಆಸ್ತಿಯ ಮೇಲಿನ ಹಕ್ಕುಕೇಳಿಕೆಗಳನ್ನು ಮುಗಿಸುವುದಿಲ್ಲ. ಅದಕ್ಕಾಗಿ ಇಬ್ಬರೂ ಒಪ್ಪಿದ ಹಂಚಿಕೆಯನ್ನು ನ್ಯಾಯಾಲಯ ಮಂಜೂರು ಮಾಡುವ ‘ಕನ್ಸೆಂಟ್ ಆರ್ಡರ್’ ಪ್ರತ್ಯೇಕವಾಗಿ ಬೇಕು, ಮತ್ತು ಸಾಧ್ಯವಿದ್ದಲ್ಲಿ ಮುಂದೆ ಯಾರೂ ಯಾರಿಂದಲೂ ಏನೂ ಕೇಳುವಂತಿಲ್ಲ ಎಂಬ ‘ಕ್ಲೀನ್ ಬ್ರೇಕ್’ ಷರತ್ತು ಅದರಲ್ಲಿ ಸೇರಿರಬೇಕು. ಇದಿಲ್ಲದೆ ಮನೆ ಕೊಂಡರೆ, ನಾಳೆ ಆ ಮನೆಯೇ ವಿವಾದದ ವಸ್ತುವಾಗಬಹುದು. ಇದೇ ಆದೇಶ ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ: ಮುಂಗಡದ ಹಣ ಎಲ್ಲಿಂದ ಬಂತು ಎಂದು ಬ್ಯಾಂಕೂ, ಖರೀದಿಯ ಕಾನೂನು ಕೆಲಸ ನೋಡುವ ವಕೀಲರಾದ ಸಾಲಿಸಿಟರೂ ಕೇಳಿದಾಗ ತೋರಿಸಲು ಇದಕ್ಕಿಂತ ಗಟ್ಟಿಯಾದ ದಾಖಲೆ ಇಲ್ಲ. ಜೀವನಾಂಶ ಅಥವಾ ಮಕ್ಕಳ ಖರ್ಚು ಕೊಡಬೇಕೆಂದು ಆದೇಶದಲ್ಲಿದ್ದರೆ ಅದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಬ್ಯಾಂಕ್ ಖಾತೆಯ ವಿವರಗಳಲ್ಲಿ ಅದು ಹೇಗೂ ಕಾಣುತ್ತದೆ.

ವಿಚ್ಛೇದನ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಆಗಿ, ಇಂಗ್ಲೆಂಡಿನ ಮನೆಯ ವಿಷಯ ಅಲ್ಲಿ ಇತ್ಯರ್ಥವಾಗದೆ ಉಳಿದಿದ್ದರೆ, ಇಂಗ್ಲೆಂಡಿನ 1984ರ ವೈವಾಹಿಕ ಕಾಯ್ದೆಯ ಮೂರನೆಯ ಭಾಗದಡಿ ಅಲ್ಲಿನ ನ್ಯಾಯಾಲಯದ ಅನುಮತಿ ಪಡೆದು ಅಲ್ಲಿ ಹಣಕಾಸು ಆದೇಶ ಕೇಳಲು ಅವಕಾಶವಿದೆ. ಆದರೆ ಮರುಮದುವೆಯಾದವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಹಳೆಯ ಸಾಲದಿಂದ ಹೆಸರು ತೆಗೆಸುವುದು

ಜಂಟಿ ಸಾಲದಲ್ಲಿ ಪೂರ್ತಿ ಮೊತ್ತಕ್ಕೆ ಇಬ್ಬರೂ ಹೊಣೆ. ಮನೆ ಮಾಜಿ ಸಂಗಾತಿಗೆ ಹೋಗಬೇಕೆಂದು ನ್ಯಾಯಾಲಯ ಹೇಳಿದ ಮಾತ್ರಕ್ಕೆ ಬ್ಯಾಂಕ್ ನಿಮ್ಮನ್ನು ಬಿಟ್ಟುಬಿಡುವುದಿಲ್ಲ. ಉಳಿಯುವವರ ಆದಾಯ ಒಂದೇ ಸಾಕೇ ಎಂದು ಪರಿಶೀಲಿಸಿದ ಮೇಲಷ್ಟೇ ಅದು ಒಪ್ಪುತ್ತದೆ. ಒಪ್ಪಿದ ನಂತರ ‘ಟ್ರಾನ್ಸ್‌ಫರ್ ಆಫ್ ಈಕ್ವಿಟಿ’ ಮೂಲಕ ಭೂ ನೋಂದಣಿಯಲ್ಲಿ ಹೆಸರು ಬದಲಾಗುತ್ತದೆ. ವಿಚ್ಛೇದನದ ಆದೇಶದಂತೆ ನಡೆಯುವ ಈ ವರ್ಗಾವಣೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ.

ಇದರ ಬೆನ್ನಿಗೇ ಮಾಡಬೇಕಾದ, ಬಹಳ ಜನ ಮರೆಯುವ ಕೆಲಸವೊಂದಿದೆ. ಜಂಟಿ ಖಾತೆಯಿದ್ದ ಕಾರಣ ಇಬ್ಬರ ಸಾಲದ ಚರಿತ್ರೆಗಳೂ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಮಾಜಿ ಸಂಗಾತಿ ಕಂತು ತಪ್ಪಿಸಿದರೆ ನಿಮ್ಮ ಅರ್ಜಿಗೂ ಅದರ ಬಿಸಿ ತಟ್ಟಬಹುದು. ಜಂಟಿ ಖಾತೆಗಳನ್ನೆಲ್ಲ ಮುಚ್ಚಿಸಿದ ಮೇಲೆ, ಈ ಚರಿತ್ರೆಗಳನ್ನು ದಾಖಲಿಸುವ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಟ್ರಾನ್ಸ್‌ಯೂನಿಯನ್ ಸಂಸ್ಥೆಗಳಿಗೆ ‘ನೋಟಿಸ್ ಆಫ್ ಡಿಸಾಸೋಸಿಯೇಷನ್’ ಕಳುಹಿಸಿ ಈ ಜೋಡಣೆಯನ್ನು ತೆಗೆಸಬೇಕು. ಹೊರದೇಶಕ್ಕೆ ಹೋದ ಮೇಲೂ ಬ್ರಿಟನ್ನಿನ ಒಂದು ಬ್ಯಾಂಕ್ ಖಾತೆಯನ್ನು ಚಾಲ್ತಿಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಎಷ್ಟು ಸಾಲ ಸಿಗುತ್ತದೆ?

ಮನೆಯ ಬೆಲೆಯ ಕಾಲು ಭಾಗವನ್ನಾದರೂ ಕೈಯಿಂದ ಹಾಕಬೇಕೆಂದು ಇಟ್ಟುಕೊಳ್ಳಿ. ಉಳಿದದ್ದಕ್ಕೆ ಬ್ಯಾಂಕು ಬಡ್ಡಿ ದರವನ್ನು ಪರೀಕ್ಷೆಗೆಂದು ಶೇ 5.5 ಎಂದು ಹಿಡಿದು, ಆ ಬಡ್ಡಿಯ ಶೇ 125ರಷ್ಟೋ 145ರಷ್ಟೋ ಬಾಡಿಗೆ ಬರುತ್ತದೆಯೇ ಎಂದು ನೋಡುವುದು ಸಾಮಾನ್ಯ ಕ್ರಮ. 2,40,000 ಪೌಂಡ್ ಬೆಲೆಯ ಮನೆಗೆ ತಿಂಗಳಿಗೆ 1,200 ಪೌಂಡ್ ಬಾಡಿಗೆ ಬರುತ್ತದೆಂದರೆ, ಶೇ 145ರ ಲೆಕ್ಕದಲ್ಲಿ ಸಿಗುವ ಸಾಲ ಸುಮಾರು 1,80,000 ಪೌಂಡ್. ಬಾಡಿಗೆ 1,000 ಪೌಂಡ್‌ಗೆ ಇಳಿದರೆ ಸಾಲ 1,50,000ಕ್ಕೆ ಬಂದು ನಿಲ್ಲುತ್ತದೆ, ವ್ಯತ್ಯಾಸವನ್ನು ನೀವೇ ತುಂಬಬೇಕು. ಹೊರದೇಶದಲ್ಲಿರುವವರಿಗೆ ಸಾಲ ಕೊಡುವ ಸಂಸ್ಥೆಗಳು ಕಡಿಮೆ. ನೀವು ವಾಸವಿರುವ ದೇಶ, ಸಂಬಳ ಬರುವ ಕರೆನ್ಸಿ, ಕನಿಷ್ಠ ಆದಾಯ ಎಲ್ಲಕ್ಕೂ ಷರತ್ತುಗಳಿರುತ್ತವೆ. ಹೀಗಾಗಿ ಅನಿವಾಸಿಗಳ ಅರ್ಜಿಗಳಲ್ಲಿ ಪಳಗಿದ ಬ್ರೋಕರ್ ಒಬ್ಬರಿಗೆ ಶುಲ್ಕ ಕೊಡುವುದು ದಂಡದ ಖರ್ಚೇನಲ್ಲ.

ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನೂ ಮೊದಲೇ ಹೇಳಬೇಕು. ಮಕ್ಕಳು ಅಥವಾ ತಂದೆತಾಯಿ ಅಲ್ಲಿ ವಾಸಿಸುವುದಾದರೆ ಅದು ಬೇರೆಯೇ ನಿಯಮಗಳಿಗೆ ಒಳಪಟ್ಟ ಸಾಲವಾಗುತ್ತದೆ; ಸಾಮಾನ್ಯ ಬೈ ಟು ಲೆಟ್ ಸಾಲ ತೆಗೆದು ಅವರನ್ನು ಅಲ್ಲಿರಿಸಿದರೆ ಷರತ್ತು ಮುರಿದಂತೆ.

ಮೈಸೂರಿನ ಮನೆಯೂ ಲೆಕ್ಕಕ್ಕೆ ಬರುತ್ತದೆ

ಕನ್ನಡಿಗರು ಎಡವುವ ಸಾಧ್ಯತೆ ಹೆಚ್ಚಿರುವುದು ಸ್ಟ್ಯಾಂಪ್ ಡ್ಯೂಟಿಯ ವಿಷಯದಲ್ಲಿ. (ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ತೆರಿಗೆಯೇ ಬೇರೆ.) ಮೇಲೆ ಹೇಳಿದ 2,40,000 ಪೌಂಡ್ ಬೆಲೆಯ ಮನೆಗೆ ಸಾಮಾನ್ಯ ದರದಲ್ಲಿ 2,300 ಪೌಂಡ್ ಬೀಳುತ್ತದೆ. ಖರೀದಿಗೆ ಹಿಂದಿನ 12 ತಿಂಗಳಲ್ಲಿ 183 ದಿನ ಬ್ರಿಟನ್ನಿನಲ್ಲಿ ಇರದವರು ಇದರ ಮೇಲೆ ಬೆಲೆಯ ಶೇ 2, ಅಂದರೆ 4,800 ಪೌಂಡ್ ಕಟ್ಟಬೇಕು. ಇದಲ್ಲದೆ ಎರಡನೆಯ ಮನೆ ಕೊಳ್ಳುವವರಿಗೆ ಶೇ 5ರ ಹೆಚ್ಚುವರಿ ಇದೆ. ಹಳೆಯ ಮನೆಯನ್ನು ಬಿಟ್ಟುಕೊಟ್ಟು, ಬೇರೆ ಮನೆ ಇಲ್ಲದವರಿಗೆ, ಬಾಡಿಗೆಗೆ ಕೊಡಲು ಕೊಂಡರೂ ಈ ಶೇ 5 ಅನ್ವಯಿಸುವುದಿಲ್ಲ. ಆದರೆ ‘ಬೇರೆ ಮನೆ’ ಎಂಬುದರಲ್ಲಿ ಪ್ರಪಂಚದ ಯಾವ ಮೂಲೆಯ ಮನೆಯೂ ಸೇರುತ್ತದೆ. ಮೈಸೂರಿನ ಮನೆಯಲ್ಲಿ ನಿಮ್ಮ ಹೆಸರಿಗಿರುವ ಪಾಲು 40,000 ಪೌಂಡ್ ಅಥವಾ ಹೆಚ್ಚು ಬಾಳಿದರೆ, ಇನ್ನೂ 12,000 ಪೌಂಡ್ ತೆರಬೇಕಾಗುತ್ತದೆ. ಕಳೆದ ಮೂರು ವರ್ಷದೊಳಗೆ ಜಂಟಿಯಾಗಿ ಉತ್ತರಾಧಿಕಾರದಿಂದ ಬಂದ, ಅರ್ಧವನ್ನು ಮೀರದ ಪಾಲಿಗೆ ವಿನಾಯಿತಿ ಇದೆ. ಈ ವಿಷಯವನ್ನು ಸಾಲಿಸಿಟರ್ ತಾವಾಗಿ ಕೇಳುವವರೆಗೆ ಕಾಯದೆ ನೀವೇ ಹೇಳಿ.

ದಾಖಲೆ, ಸಹಿ ಮತ್ತು ಬಾಡಿಗೆ

ಪಾಸ್‌ಪೋರ್ಟ್‌ನ ದೃಢೀಕೃತ ಪ್ರತಿ, ವಿಳಾಸದ ದಾಖಲೆ, ಸಂಬಳದ ಚೀಟಿಗಳು, ಬ್ಯಾಂಕ್ ವಿವರ, ವಿಚ್ಛೇದನದ ಮತ್ತು ಹಣಕಾಸಿನ ಆದೇಶಗಳನ್ನು ಒಟ್ಟಿಗೇ ಕಳುಹಿಸಿ. ಅಡಮಾನ ಪತ್ರಕ್ಕೆ ಸಹಿ ಹಾಕುವಾಗ ಮನೆಯವರಲ್ಲದ ಸಾಕ್ಷಿಯೊಬ್ಬರು ಎದುರಿಗೇ ಇರಲಿ.

ಬಾಡಿಗೆ ಶುರುವಾಗುವ ಮೊದಲೇ, ತೆರಿಗೆ ಮುರಿಯದೆ ಪೂರ್ತಿ ಬಾಡಿಗೆ ಪಡೆಯಲು ಅನುಮತಿ ಕೇಳುವ ಎನ್‌ಆರ್‌ಎಲ್‌1 ಅರ್ಜಿಯನ್ನು ಬ್ರಿಟಿಷ್ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಅನುಮತಿ ಬಾರದಿದ್ದರೆ ಏಜೆಂಟ್ ಬಾಡಿಗೆಯಿಂದ ತೆರಿಗೆ ಮುರಿದುಕೊಂಡೇ ಉಳಿದದ್ದನ್ನು ಕಳುಹಿಸುತ್ತಾರೆ. ಅನುಮತಿ ಬಂದರೂ ವಾರ್ಷಿಕ ತೆರಿಗೆ ವಿವರ ಸಲ್ಲಿಸುವುದು ತಪ್ಪುವುದಿಲ್ಲ, ಮತ್ತು ಸಾಲದ ಬಡ್ಡಿಯನ್ನು ಖರ್ಚೆಂದು ಕಳೆಯಲು ಬರುವುದಿಲ್ಲ, ಅದರ ಶೇ 20ರಷ್ಟು ಮಾತ್ರ ತೆರಿಗೆಯಲ್ಲಿ ರಿಯಾಯಿತಿಯಾಗಿ ಸಿಗುತ್ತದೆ. ಅನಿವಾಸಿಗಳು ತುಂಬಬೇಕಾದ ಪುಟಗಳು ಇಲಾಖೆಯ ಸ್ವಂತ ಆನ್‌ಲೈನ್ ಸಲ್ಲಿಕೆಯಲ್ಲಿ ಲಭ್ಯವಿಲ್ಲ. ಬೇರೆ ಸಾಫ್ಟ್‌ವೇರ್ ಕೊಳ್ಳಬೇಕು, ಇಲ್ಲವೇ ಕಾಗದದಲ್ಲಿ ತುಂಬಿ ಅಕ್ಟೋಬರ್ 31ರೊಳಗೆ ತಲುಪಿಸಬೇಕು.