ದಿನವೂ ಓಡುವ ರೂಢಿ: ಬಿಸಿಲ ನಾಡಿನಲ್ಲಿ ಹೊಸಬರು ಶುರು ಮಾಡುವುದು ಹೇಗೆ?

ಉತ್ಸಾಹದಿಂದ ಬೂಟು ಕೊಂಡು ಓಡಲು ಹೊರಟವರು ಒಂದೆರಡು ವಾರದಲ್ಲೇ ಕೈಬಿಡುವುದನ್ನು ನೋಡುತ್ತಲೇ ಇರುತ್ತೇವೆ. ತಮ್ಮ ಸೋಮಾರಿತನವೇ ಕಾರಣ ಎಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆದರೆ ಬಹಳಷ್ಟು ಸಲ ಕಾರಣ ಬೇರೆಯೇ ಇರುತ್ತದೆ. ಮೊದಲ ದಿನವೇ ಜೋರಾಗಿ ಓಡಿರುತ್ತಾರೆ, ಅದೂ ಬಿಸಿಲೇರಿದ ಮೇಲೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಓಟ ಕಲಿಯುವವರು ವೇಗದ ಆಸೆ ಬಿಟ್ಟು, ಹೊತ್ತಿನ ಶಿಸ್ತು ಹಿಡಿಯಬೇಕು.

ದಿನವೂ ಹೊರಡಿ, ಮೂರೇ ದಿನ ಓಡಿ

ಓಟಕ್ಕೆ ದಮ್ಮು ಬೇಗ ಒಗ್ಗುತ್ತದೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಕಷ್ಟಿದೆ ಎಂದು ದಿನವೂ ಓಡುವ ಹೊಸಬರಿಗೆ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಎಲುಬಿನ ಉದ್ದಕ್ಕೂ ನೋವು ಕಾಣಿಸಿಕೊಳ್ಳುವುದು ಇದರಿಂದಲೇ. ಆದ್ದರಿಂದ ಆರಂಭದಲ್ಲಿ ವಾರಕ್ಕೆ ಮೂರು ದಿನ ಓಟ ಸಾಕು, ನಡುವೆ ಒಂದೊಂದು ದಿನ ಬಿಡುವಿರಲಿ. ಉಳಿದ ದಿನಗಳಲ್ಲಿ ಅದೇ ಹೊತ್ತಿಗೆ ಬೂಟು ಹಾಕಿಕೊಂಡು ಹೊರಡಿ, ಆದರೆ ನಡೆಯಿರಿ. ರೂಢಿಯಾಗಬೇಕಾದದ್ದು ಮನೆಯಿಂದ ಹೊರಬೀಳುವುದು. ಅದು ದಿನವೂ ನಡೆಯಲಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು, ನಡೆಯುವಾಗ ಎದೆ ಹಿಡಿದಂತಾಗುವವರು ವೈದ್ಯರನ್ನು ಕಂಡೇ ಶುರು ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಲಿ.

ಅರವತ್ತು ಸೆಕೆಂಡ್ ಓಟ, ತೊಂಬತ್ತು ಸೆಕೆಂಡ್ ನಡಿಗೆ

ಅಮೆರಿಕದ ಜಾಶ್ ಕ್ಲಾರ್ಕ್ 1996ರಲ್ಲಿ, ಐವತ್ತು ದಾಟಿದ ತಮ್ಮ ತಾಯಿಯನ್ನು ಓಟಕ್ಕೆ ಹಚ್ಚಲು ಒಂಬತ್ತು ವಾರಗಳ ಒಂದು ಕ್ರಮ ರೂಪಿಸಿದರು. 'ಕೌಚ್ ಟು ಫೈವ್ ಕೆ' (ಸೋಫಾದಿಂದ ಐದು ಕಿಲೋಮೀಟರ್ ಓಟದವರೆಗೆ) ಎಂಬ ಹೆಸರಿನ ಆ ಕ್ರಮವನ್ನು ಇಂದು ಜಗತ್ತಿನಾದ್ಯಂತ ಹೊಸಬರು ಅನುಸರಿಸುತ್ತಾರೆ. ಮೊದಲ ವಾರದ ಪಾಠ ಇಷ್ಟೇ: ಐದು ನಿಮಿಷ ಚುರುಕಾಗಿ ನಡೆಯಿರಿ. ಆಮೇಲೆ 60 ಸೆಕೆಂಡ್ ಓಡಿ, 90 ಸೆಕೆಂಡ್ ನಡೆಯಿರಿ. ಹೀಗೆ 20 ನಿಮಿಷ, ಅಂದರೆ ಎಂಟು ಸಲ. ಎರಡನೇ ವಾರ 90 ಸೆಕೆಂಡ್ ಓಟ, ಎರಡು ನಿಮಿಷ ನಡಿಗೆ. ಮುಂದೆ ಓಟದ ಪಾಲು ಹೆಚ್ಚುತ್ತಾ, ನಡಿಗೆಯ ಪಾಲು ಕರಗುತ್ತಾ, ಒಂಬತ್ತನೇ ವಾರದ ಹೊತ್ತಿಗೆ ಅರ್ಧ ಗಂಟೆ ನಿಲ್ಲದೆ ಓಡುವ ಹಂತ ತಲುಪಬಹುದು. ಯಾವುದಾದರೂ ವಾರ ಭಾರವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡಿ. ಒಂಬತ್ತು ವಾರ ಹದಿನೈದಾದರೂ ಏನೂ ನಷ್ಟವಿಲ್ಲ.

ಮೊಬೈಲ್ ಟೈಮರ್ ಕಿರಿಕಿರಿ ಎನಿಸುವವರು ಕ್ರೀಡಾಂಗಣದ ಟ್ರ್ಯಾಕನ್ನೇ ಗಡಿಯಾರ ಮಾಡಿಕೊಳ್ಳಬಹುದು: ನೇರ ಭಾಗದಲ್ಲಿ ಓಟ, ತಿರುವಿನಲ್ಲಿ ನಡಿಗೆ.

ವೇಗ ಎಷ್ಟಿರಬೇಕು? ಓಡುತ್ತಲೇ ಏಳರ ಮಗ್ಗಿ ಹೇಳಿ ನೋಡಿ. 'ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು' ಎಂದು ಎರಡು ಸಾಲು ಒಂದೇ ಉಸಿರಿನಲ್ಲಿ ಬಂದರೆ ವೇಗ ಸರಿಯಾಗಿದೆ. 'ಏಳೊಂದ್ಲಿ' ಎಂದು ನಿಂತು, ಗಾಳಿ ಎಳೆದುಕೊಂಡು 'ಏಳು' ಎನ್ನಬೇಕಾಗಿ ಬಂದರೆ ಕೂಡಲೇ ನಿಧಾನಿಸಿ. ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಹೋಗಲಿ. ಹೆಜ್ಜೆಯನ್ನು ದೂರಕ್ಕೆ ಚಾಚಬೇಡಿ. ಚಿಕ್ಕ ಹೆಜ್ಜೆ ಇಟ್ಟಷ್ಟೂ ಮೊಣಕಾಲಿಗೆ ಹೊಡೆತ ಕಡಿಮೆ.

ಬಿಸಿಲಿನ ಲೆಕ್ಕ

ಬೇರೆ ಊರಿನವರಿಗಾಗಿ ಬರೆದ ಸಲಹೆಗಳು ನಮ್ಮ ಕಡೆ ಸೋಲುವುದು ಇಲ್ಲಿಯೇ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಮೇ ಕೊನೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು 5.45ಕ್ಕೆ. ಆ ದಿನಗಳಲ್ಲಿ ಐದೂವರೆಗೆ ಹೊರಟು ಆರೂವರೆಯೊಳಗೆ ಮನೆ ಸೇರುವುದೊಂದೇ ದಾರಿ. ಬೇಸಿಗೆಯ ಸಂಜೆಯನ್ನು ನಂಬಬೇಡಿ. ಹೊತ್ತು ಮುಳುಗಿದ ಮೇಲೂ ಡಾಂಬರು ರಸ್ತೆ, ಕಲ್ಲುಗುಡ್ಡಗಳು ಹಗಲೆಲ್ಲ ಹೀರಿದ ಕಾವನ್ನು ಹೊರಬಿಡುತ್ತಲೇ ಇರುತ್ತವೆ.

ದೇಹಕ್ಕೆ ಸೆಕೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆಗ ಬೆವರು ಬೇಗ ಬರತೊಡಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ, ಅದೇ ವೇಗಕ್ಕೆ ಎದೆಬಡಿತ ಇಳಿಯುತ್ತದೆ. ಆ ಅವಧಿಯಲ್ಲಿ ಓಟವನ್ನು ಅರ್ಧಕ್ಕೆ ಇಳಿಸಿ. ಓಡುವಾಗ ತಲೆ ಸುತ್ತಿದರೆ, ವಾಕರಿಕೆ ಬಂದರೆ, ಸೆಕೆಯಲ್ಲೂ ಮೈ ಜುಮ್ಮೆಂದು ಚಳಿಯಾದಂತಾದರೆ ಅಲ್ಲೇ ನಿಲ್ಲಿಸಿ ನೆರಳಿಗೆ ಬನ್ನಿ. ಯಾರಾದರೂ ತಡವರಿಸಿ ಮಾತನಾಡತೊಡಗಿದರೆ, ಅಥವಾ ಎಚ್ಚರ ತಪ್ಪಿದರೆ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಅರ್ಧ ಗಂಟೆಯ ಓಟಕ್ಕೆ ನೀರೇ ಸಾಕು: ಹೊರಡುವ ಮುನ್ನ ಒಂದು ಲೋಟ, ಬಂದ ಮೇಲೆ ಬಾಯಾರಿಕೆ ತಣಿಯುವಷ್ಟು. ತುಂಬ ಬೆವರಿದ ದಿನ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಹಳ ಸುಸ್ತಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ.

ಶುರು ಮಾಡಲು ಒಳ್ಳೆಯ ಕಾಲ ಯಾವುದೆಂದು ಕೇಳಿದರೆ, ದೀಪಾವಳಿಯ ನಂತರ ಎನ್ನುತ್ತೇನೆ. ಬೇಸಿಗೆ ಬರುವಷ್ಟರಲ್ಲಿ ಕಾಲು ಪಳಗಿರುತ್ತವೆ. ಜನವರಿಯಲ್ಲಿ ಸೂರ್ಯೋದಯ 6.45ರ ಸುಮಾರಿಗೆ ಆಗುವುದರಿಂದ ಕತ್ತಲಲ್ಲಿ ಕಾಣುವಂತಹ ಬಿಳಿ ಅಥವಾ ತಿಳಿ ಬಣ್ಣದ ಅಂಗಿ ಹಾಕಿಕೊಳ್ಳಿ.

ಎಲ್ಲಿ ಓಡುವುದು?

ರಾಯಚೂರಿನವರಿಗೆ ಮಹಾತ್ಮ ಗಾಂಧಿ ಕ್ರೀಡಾಂಗಣವಿದೆ. ಬೇರೆ ಊರುಗಳಲ್ಲಿ ಶಾಲೆ, ಕಾಲೇಜಿನ ಮೈದಾನ ನೋಡಿಕೊಳ್ಳಿ. ಹೆದ್ದಾರಿಯಲ್ಲಿ ಓಡಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಎದುರಿನಿಂದ ಬರುವ ಲಾರಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ, ಕಿವಿಗೆ ಇಯರ್‌ಫೋನ್ ಬೇಡ. ಎರೆ ಹೊಲದ ಬಂಡಿದಾರಿ ನೋಡಲು ಚೆಂದ. ಆದರೆ ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಕಾಲು ಉಳುಕುತ್ತದೆ. ಮಳೆ ಬಿದ್ದ ಮೇಲಂತೂ ಹತ್ತು ಹೆಜ್ಜೆಗೆ ಬೂಟಿನಡಿ ಎರಡು ಬೆರಳು ದಪ್ಪ ಮಣ್ಣು ಮೆತ್ತಿಕೊಂಡು ಪಾದ ಎತ್ತುವುದೇ ಕಷ್ಟ. ಸಿಂಧನೂರು, ಗಂಗಾವತಿ ಕಡೆಯವರು ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆಯ ಮೇಲೆ ಓಡುವುದಾದರೆ ಬೆಳಕು ಹರಿದ ಮೇಲೆ, ಜೊತೆಯಲ್ಲೊಬ್ಬರನ್ನು ಕರೆದುಕೊಂಡೇ ಹೋಗಲಿ. ನಾಯಿ ಬೆನ್ನಟ್ಟಿದರೆ ಓಡಬೇಡಿ, ನಿಂತುಬಿಡಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಬೂಟನ್ನು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ತುಸು ಊದಿರುತ್ತದೆ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಹೆಣ್ಣುಮಕ್ಕಳು ಸಲ್ವಾರ್ ಕಮೀಜಿನಲ್ಲೂ ಓಡಬಹುದು, ದುಪಟ್ಟಾ ಮನೆಯಲ್ಲಿರಲಿ ಅಥವಾ ಬಿಗಿಯಾಗಿ ಕಟ್ಟಿಕೊಳ್ಳಿ. ಅವರಿಗೆ ನಿಜವಾಗಿ ಸಿಗದಿರುವುದು ಬಿಡುವು. ನೀರು ತುಂಬುವುದು, ರೊಟ್ಟಿ ಬಡಿಯುವುದು, ಮಕ್ಕಳ ಡಬ್ಬಿ ಎಲ್ಲವೂ ಬೆಳಗಿನ ಅದೇ ಹೊತ್ತಿಗೆ ಬರುತ್ತವೆ. ಆ ಅರ್ಧ ಗಂಟೆಯ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲೇಬೇಕು.

ರೂಢಿ ಬೇರೂರುವುದು

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗುವ ಅಂದಾಜಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂತಹ ತೊಂದರೆ ಆಗಲಿಲ್ಲ ಎಂಬುದೂ ಅದೇ ಅಧ್ಯಯನದ ಮಾತು. ಮದುವೆ, ಜಾತ್ರೆ, ಊರಿಗೆ ಪ್ರಯಾಣ ಎಂದು ಒಂದು ದಿನ ತಪ್ಪಿದರೆ ಮರುದಿನ ಹೊರಡಿ. ತಪ್ಪಿದ್ದನ್ನು ಸರಿದೂಗಿಸಲು ಎರಡರಷ್ಟು ಓಡಬೇಡಿ.

ಓಟವನ್ನು ಈಗಾಗಲೇ ತಪ್ಪದೆ ನಡೆಯುವ ಕೆಲಸಕ್ಕೆ ಜೋಡಿಸಿ. ದಿನವೂ ಹಾಲು ತರುವವರು ಕ್ರೀಡಾಂಗಣ ಮುಗಿಸಿ, ಬರುವ ದಾರಿಯಲ್ಲಿ ಹಾಲು ತರಲಿ. ಹಾಲಿಲ್ಲದೆ ಚಹಾ ಇಲ್ಲ, ಹಾಗಾಗಿ ಹೊರಡುವುದು ತಪ್ಪುವುದಿಲ್ಲ.

ಅರ್ಧ ಗಂಟೆ ಸಲೀಸಾದ ಮೇಲೆ ಮೂರು ದಿನವನ್ನು ನಾಲ್ಕು ಮಾಡಿ. ಒಂದೆರಡು ತಿಂಗಳು ಕಳೆದು, ನೋವೇನೂ ಇಲ್ಲದಿದ್ದರೆ, ಐದು ಮಾಡಿ. ಹೆಚ್ಚಿಸಿದ ದಿನದ ಓಟ ಹದಿನೈದು ನಿಮಿಷ ಮೀರದಿರಲಿ, ಮಗ್ಗಿ ಹೇಳುವ ವೇಗದಲ್ಲೇ ಇರಲಿ.