ಸಲಹೆ ಕೊಡದ ಗೆಳೆಯರು: ಆಪ್ತ ಕೂಟ ಕಟ್ಟಿ ನಡೆಸುವ ಬಗೆ

ಧ್ಯಾನ, ಓದು, ದಿನಚರಿ ಬರೆಯುವುದು, ಇವೆಲ್ಲ ಒಬ್ಬರೇ ಮಾಡಬಹುದಾದವು. ಆದರೆ ನಮಗೆ ನಾವೇ ಹೇಳಿಕೊಳ್ಳುವ ಸಬೂಬು ನಮ್ಮ ಕಿವಿಗೆ ಸಬೂಬಾಗಿ ಕೇಳಿಸುವುದಿಲ್ಲ. ಅದೇ ಮಾತನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಆಡಹೊರಟರೆ ಅರ್ಧಕ್ಕೇ ನಾಲಗೆ ತಡವರಿಸುತ್ತದೆ. ಕೆಲವೇ ಜನ ಆಗಾಗ ಸೇರಿ ಮನಸ್ಸು ಬಿಚ್ಚಿ ಮಾತಾಡುವ ಆಪ್ತ ಕೂಟದಿಂದ ಆಗುವ ದೊಡ್ಡ ಉಪಕಾರ ಅದೇ. ಇಲ್ಲಿ ಗುರುವಿಲ್ಲ, ಪ್ರವಚನವಿಲ್ಲ. ಕೂತವರೆಲ್ಲ ಸರಿಸಮಾನರು.

ಜನ ಐದರಿಂದ ಏಳು ಸಾಕು. ನಾಲ್ವರೇ ಇದ್ದರೆ, ಇಬ್ಬರು ತಪ್ಪಿಸಿಕೊಂಡ ದಿನ ಕೂಟ ಹರಟೆಯಾಗುತ್ತದೆ. ಎಂಟು ದಾಟಿದರೆ ಸರದಿ ಬರುವುದು ತಡವಾಗುತ್ತದೆ, ಜೊತೆಗೆ ಜನ ಮನಸ್ಸು ಬಿಚ್ಚುವ ಬದಲು ಭಾಷಣಕ್ಕಿಳಿಯುತ್ತಾರೆ. ಗಂಡ-ಹೆಂಡತಿ, ಮೇಲಧಿಕಾರಿ-ಕೈಕೆಳಗಿನವರು ಒಂದೇ ಕೂಟದಲ್ಲಿರುವುದು ಬೇಡ. ಒಬ್ಬರ ಮುಖ ನೋಡಿಕೊಂಡು ಇನ್ನೊಬ್ಬರು ಮಾತು ನುಂಗುತ್ತಾರೆ. ನಂಬಿಕೆ ಒಂದೇ ಆಗಿರಬೇಕಿಲ್ಲ. ದೇವರನ್ನು ನಂಬುವವರೂ ನಂಬದವರೂ ಒಟ್ಟಿಗೆ ಕೂರಬಹುದು, ಆದರೆ ಎಲ್ಲರೂ ತಮ್ಮ ಅನುಭವದ ಮಾತಷ್ಟನ್ನೇ ಆಡಬೇಕು. ‘ನನಗೆ ಹೀಗಾಯಿತು’ ಎನ್ನಬಹುದು, ‘ಮನುಷ್ಯ ಹೀಗಿರಬೇಕು’ ಎನ್ನುವಂತಿಲ್ಲ.

ಎರಡು ವಾರಕ್ಕೊಮ್ಮೆ, ವಾರದ ಅದೇ ದಿನ, ಅದೇ ಹೊತ್ತು, 90 ನಿಮಿಷ. ಪ್ರತಿ ಸಲವೂ ‘ಯಾವತ್ತು ಸೇರೋಣ?’ ಎಂದು ಕೇಳಿಕೊಳ್ಳುವ ಕೂಟ ಹೆಚ್ಚು ದಿನ ಬಾಳುವುದಿಲ್ಲ. ಶುರುವಿನಲ್ಲಿ ಆರು ಸಲ ಸೇರುತ್ತೇವೆ ಎಂದಷ್ಟೇ ಒಪ್ಪಿಕೊಳ್ಳಿ. ಕೊನೆಯಿಲ್ಲದ ಬದ್ಧತೆಗೆ ಯಾರೂ ಮನಸಾರೆ ಹೂಂ ಎನ್ನುವುದಿಲ್ಲ.

ಆರು ಜನರ ಕೂಟದ ಲೆಕ್ಕ ಹೀಗೆ. ಮೊದಲ 3 ನಿಮಿಷ ಮೌನ. ಫೋನುಗಳು ಆಫ್ ಆಗಿ ಬ್ಯಾಗಿನೊಳಗಿರಲಿ. ಮೇಜಿನ ಮೇಲೆ ಬೋರಲಾಗಿಟ್ಟರೂ ಕಣ್ಣು ಅತ್ತಲೇ ಹೋಗುತ್ತದೆ. ಆಮೇಲೆ ತಲಾ 2 ನಿಮಿಷದ ಒಂದು ಸುತ್ತು: ಹೇಗಿದ್ದೇನೆ, ಹೋದ ಸಲ ಹೇಳಿದ್ದು ಮಾಡಿದೆನೋ ಇಲ್ಲವೋ. ನಂತರ ಇಬ್ಬರ ಸರದಿ, ತಲಾ 25 ನಿಮಿಷ. ಕೊನೆಗೆ ಅಷ್ಟೇ ಹೊತ್ತಿನ ಮತ್ತೊಂದು ಸುತ್ತು, ಮುಂದಿನ ಸಲದೊಳಗೆ ಮಾಡುವ ಒಂದೇ ಒಂದು ಕೆಲಸ ಯಾವುದೆಂದು. ಒಟ್ಟು 77 ನಿಮಿಷ. ಮಿಕ್ಕ 13 ತಡವಾಗಿ ಬರುವವರಿಗೂ ಗಂಟಲು ಕಟ್ಟಿ ಮಾತು ನಿಲ್ಲುವ ಗಳಿಗೆಗಳಿಗೂ. ಈ ಲೆಕ್ಕದಲ್ಲಿ ಒಬ್ಬರ ಸರದಿ ಆರು ವಾರಕ್ಕೊಮ್ಮೆ ಬರುತ್ತದೆ. ಗಡಿಯಾರ ನೋಡುವ ಕೆಲಸ ಸಲಕ್ಕೊಬ್ಬರದು. ಒಬ್ಬರೇ ಅದನ್ನು ಹಿಡಿದು ಕೂತರೆ, ನಾಲ್ಕನೇ ಸಲಕ್ಕೆ ಅವರೇ ಯಜಮಾನರು.

ಆ 25 ನಿಮಿಷವೇ ಕೂಟದ ಜೀವ. ಮೊದಲ 10 ನಿಮಿಷ ಸರದಿಯವರು ಮಾತಾಡುತ್ತಾರೆ, ಯಾರೂ ಬಾಯಿ ಹಾಕುವುದಿಲ್ಲ. ಮಾತು ನಿಂತರೆ ನಿಲ್ಲಲಿ. ಎಷ್ಟೋ ಸಲ ನಿಜವಾದ ಮಾತು ಹೊರಡುವುದು ಆ ಮೌನದ ನಂತರವೇ. ಮುಂದಿನ 10 ನಿಮಿಷ ಪ್ರಶ್ನೆ ಮಾತ್ರ. ಮತ್ತೆ 1 ನಿಮಿಷ ಮೌನ. ಉಳಿದ 4 ನಿಮಿಷದಲ್ಲಿ ತಮಗೇನು ಕಂಡಿತೆಂದು ಸರದಿಯವರೇ ಹೇಳುತ್ತಾರೆ. ಸಲಹೆ ಹೇಳದೆ ಪ್ರಶ್ನೆಯನ್ನಷ್ಟೇ ಕೇಳುವ ಪದ್ಧತಿ ಹೊಸದೇನಲ್ಲ. ಕ್ರೈಸ್ತ ಧರ್ಮದ ಕ್ವೇಕರ್ ಪಂಥದಲ್ಲಿ, ಗೊಂದಲದಲ್ಲಿರುವ ಒಬ್ಬರಿಗೆ ನೆರವಾಗಲು ಕೂರುವ ‘ಕ್ಲಿಯರ್‌ನೆಸ್ ಕಮಿಟಿ’ ನಡೆಯುವುದು ಹೀಗೆಯೇ. 1935ರಲ್ಲಿ ಅಮೆರಿಕದ ಏಕ್ರನ್‌ನಲ್ಲಿ ಶುರುವಾದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಅನೇಕ ಸಭೆಗಳಲ್ಲೂ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬರುವಂತಿಲ್ಲ.

ಹೇಳಿದಷ್ಟು ಸುಲಭವಲ್ಲ ಇದು. ‘ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು, ಫೋನು ಕೈಗೆತ್ತಿಕೊಳ್ಳುತ್ತೇನೆ, ಹಾಗೇ ಇಟ್ಟುಬಿಡುತ್ತೇನೆ’ ಎಂದು ಒಬ್ಬರು ಹೇಳಿದರೆನ್ನಿ. ಮೊದಲು ಬರುವ ಪ್ರಶ್ನೆ: ‘ಒಂದು ಪತ್ರ ಬರೆದು ನೋಡಬಹುದಲ್ಲ?’ ಇದು ಪ್ರಶ್ನೆಯಲ್ಲ, ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆ ಸಿಕ್ಕಿಸಿಕೊಂಡ ಸಲಹೆ. ‘ತಪ್ಪು ಯಾರದಿತ್ತು?’ ಎಂಬುದು ಪಂಚಾಯಿತಿ. ‘ಫೋನು ಕೆಳಗಿಡುವ ಹೊತ್ತಿಗೆ ಮನಸ್ಸಿನಲ್ಲಿ ಏನು ನಡೆದಿರುತ್ತದೆ?’ ಎಂದು ಕೇಳಿ. ಉತ್ತರ ಕೇಳುವವರಿಗೂ ಗೊತ್ತಿಲ್ಲ, ಹೇಳುವವರಿಗೂ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ಹುಡುಕಬೇಕು. ನಿಮ್ಮ ಪ್ರಶ್ನೆಗೆ ಸರಿಯುತ್ತರ ನಿಮ್ಮ ಜೇಬಿನಲ್ಲೇ ಇದ್ದರೆ ಅದನ್ನು ಕೇಳಬೇಡಿ.

ಅಧ್ಯಾತ್ಮದ ಹೆಸರಿನಲ್ಲಿ ಆಗುವ ಎಡವಟ್ಟು ಬೇರೆಯೇ ಇದೆ. ನೋವು ಹೇಳಿಕೊಂಡವರಿಗೆ ‘ಎಲ್ಲ ಒಳ್ಳೆಯದಕ್ಕೇ’, ‘ಕ್ಷಮಿಸಿಬಿಡಿ, ಹಗುರಾಗುತ್ತೀರಿ’ ಎನ್ನುವುದು. ಆ ಮಾತು ಸಮಾಧಾನ ಕೊಡುವುದು ಆಡಿದವರಿಗೆ. ಕೇಳಿದವರು ಮುಂದಿನ ಸಲದಿಂದ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಕಣ್ಣೀರು ಬಂದರೆ ಬರಲಿ. ಓಡಿಹೋಗಿ ಬೆನ್ನು ಸವರಬೇಡಿ, ಕೈಗೆಟುಕುವಂತೆ ಕರವಸ್ತ್ರ ಇಟ್ಟು ಸುಮ್ಮನೆ ಕೂರಿ.

ಕೊನೆಯ ಸುತ್ತಿನ ಸಂಕಲ್ಪ ಚಿಕ್ಕದಿರಲಿ, ಮಾಡಿದ್ದು ಮಾಡದ್ದು ಸ್ಪಷ್ಟ ತಿಳಿಯುವಂತಿರಲಿ. ‘ತಾಳ್ಮೆ ಬೆಳೆಸಿಕೊಳ್ಳುತ್ತೇನೆ’ ಎಂಬುದನ್ನು ಅಳೆಯಲಾಗದು. ‘ದಿನಾ ಬೆಳಿಗ್ಗೆ ಫೋನು ಮುಟ್ಟುವ ಮೊದಲು 10 ನಿಮಿಷ ಸುಮ್ಮನೆ ಕೂರುತ್ತೇನೆ’ ಎಂಬುದನ್ನು ಅಳೆಯಬಹುದು. ಮಾಡದಿದ್ದರೆ ‘ಮಾಡಲಿಲ್ಲ’ ಎಂದರೆ ಸಾಕು, ದಂಡವೂ ಇಲ್ಲ, ವಿವರಣೆಯೂ ಬೇಡ. ಮೂರು ಸಲ ಹಾಗಾದರೆ ಸಂಕಲ್ಪವನ್ನೇ ಬದಲಿಸಿ. ಬಹುಶಃ ಅದು ಅವರದಲ್ಲ, ಯಾರನ್ನೋ ಮೆಚ್ಚಿಸಲು ಆರಿಸಿಕೊಂಡದ್ದು.

ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ಹೇಳಿದವರೊಡನೆಯೂ ಹೊರಗೆ ಸಿಕ್ಕಾಗ ಆ ವಿಷಯ ನೀವಾಗಿ ಎತ್ತಬೇಡಿ. ವಾಟ್ಸ್ಆ್ಯಪ್ ಗುಂಪು ಇರುವುದು ಬರುತ್ತೇನೆ, ಬರಲ್ಲ ಎನ್ನುವುದಕ್ಕಷ್ಟೇ. ಈ ಗುಟ್ಟಿಗೆ ಒಂದೇ ಅಪವಾದ: ಯಾರಾದರೂ ತಮ್ಮ ಅಥವಾ ಬೇರೆಯವರ ಪ್ರಾಣಕ್ಕೆ ಅಪಾಯ ತರುವ ಮಾತಾಡಿದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರನ್ನೋ ತುರ್ತು ಸಹಾಯವನ್ನೋ ಸಂಪರ್ಕಿಸಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿರಿ. ಕೂಟ ಚಿಕಿತ್ಸೆಯಲ್ಲ.

ಆರನೇ ಸಲ 20 ನಿಮಿಷ ತೆಗೆದಿಟ್ಟು, ಯಾರು ಹೆಚ್ಚು ಮಾತಾಡುತ್ತಿದ್ದಾರೆ, ಯಾವ ವಿಷಯದ ಹತ್ತಿರವೂ ಯಾರೂ ಸುಳಿಯುತ್ತಿಲ್ಲ ಎಂದು ಕೇಳಿಕೊಳ್ಳಿ. ಅಂದು ಒಬ್ಬರ ಸರದಿ ಮಾತ್ರ. ಬಿಡುವವರು ಬಿಡಲಿಕ್ಕೂ ಹೊಸಬರು ಸೇರಲಿಕ್ಕೂ ಬಾಗಿಲು ತೆರೆಯುವುದು ಆಗಲೇ. ನಡುವೆ ಬಿಡಬೇಕಾದವರು ಸಂದೇಶ ಕಳಿಸಿ ಮಾಯವಾಗುವಂತಿಲ್ಲ, ಒಮ್ಮೆ ಬಂದು ಕೂತು ಹೇಳಿ ಹೋಗಬೇಕು. ಹೊಸಬರು ಬಂದರೆ ಮೊದಲೆರಡು ಸಲ ಅವರಿಗೆ 25 ನಿಮಿಷದ ಸರದಿ ಬೇಡ. ಸುತ್ತಿನ ಎರಡು ನಿಮಿಷ ಅವರದು. ಮಿಕ್ಕ ಹೊತ್ತು ಪ್ರಶ್ನೆ ಹೇಗೆ ಕೇಳುತ್ತಾರೆಂದು ಕೂತು ನೋಡಲಿ.