ಡಿಕ್ಕಿಯ ಬಾಕ್ಸ್ ‘ಪುಸ್’ ಅನ್ನುವುದು ನಿಂತಿದ್ದು ಹೀಗೆ

ಕಾರಿನ 10 ಇಂಚಿನ ಸಬ್‌ವೂಫರ್‌ಗೆ (ಬೇಸ್‌ಗೆಂದೇ ಇರುವ ಸ್ಪೀಕರ್) 18 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ನಾನೇ ಬಾಕ್ಸ್ ಮಾಡಿದೆ. ಬೇಸ್ ಬಂದಾಗೆಲ್ಲ ಪುಸ್ ಪುಸ್ ಸದ್ದು. ಸ್ಪೀಕರ್ ಹೋಯ್ತು ಅಂದುಕೊಂಡು ಸುಮ್ನೆ ಬೆಂಗಳೂರಲ್ಲಿ ಕಾರಿನ ಬಿಡಿಭಾಗ ಸಿಗೋ ಜೆ.ಸಿ. ರಸ್ತೆಗೆ ಓಡಿದೆ. ಸ್ಪೀಕರ್ ಸರಿಯಾಗೇ ಇತ್ತು.

ಸೀಲ್ಡ್, ಅಂದರೆ ಗಾಳಿಯಾಡದಂತೆ ಮುಚ್ಚಿದ ಬಾಕ್ಸ್‌ನಲ್ಲಿ ಒಳಗಿನ ಗಾಳಿಯೇ ಸ್ಪೀಕರ್‌ಗೆ ಸ್ಪ್ರಿಂಗ್. ಅದು ಸೋರಿದರೆ ಬೇಸ್ ಬಿಗಿಯಾಗಿ ಹೇಗೆ ಬರುತ್ತೆ, ಅಲ್ವಾ? ಊದುಬತ್ತಿ ಹಚ್ಚಿ, ಬೇಸ್ ಹಾಕಿ, ಜಾಯಿಂಟ್‌ಗಳ ಪಕ್ಕ ಹಿಡಿದೆ. ಹಿಂದಿನ ಮೂಲೆಯಲ್ಲಿ, ವೈರ್ ಟರ್ಮಿನಲ್ ಹತ್ತಿರ ಹೊಗೆ ಕುಣಿಯಿತು. (ಅಮ್ಮ ಕಾರಿಗೆ ಪೂಜೆ ಅಂದುಕೊಂಡರು.)

ಮೂಲೆಗೆ ಒಳಗಿನಿಂದ ಮರದ ಪುಡಿ ಕಲಸಿದ ಫೆವಿಕಾಲ್ ಮೆತ್ತಿದೆ, ಟರ್ಮಿನಲ್‌ಗೆ ಸಿಲಿಕೋನ್. ಅದರ ಹುಳಿ ವಾಸನೆ ಹೋಗುವವರೆಗೆ ಎರಡು ದಿನ ಬಾಕ್ಸ್ ತೆರೆದಿಟ್ಟೆ. ಆ ಆವಿ ಸ್ಪೀಕರ್‌ಗೆ ಒಳ್ಳೆಯದಲ್ಲ. ಕೊನೆಗೆ ಸ್ಪೀಕರ್ ಅಂಚಿಗೆ ಫೋಮ್ ಟೇಪ್ ಅಂಟಿಸಿ ಸ್ಕ್ರೂ ಬಿಗಿದೆ.

ಪುಸ್ ನಿಂತಿದೆ. ಈಗ ನಂಬರ್ ಪ್ಲೇಟ್ ನಡುಗುತ್ತಿದೆ.